ಐದು ಬೆರಳು

ಕೇಳುವುದು ಮರಾಠಿಯಲ್ಲಿ, ಹಿಂದಿಯಲ್ಲಿ,
ಲಿಫ್ಟು ಇರುವ ಕಡೆ ಇಂಗ್ಲಿಷಿನಲ್ಲಿ.
ಕೂಡುವುದು ಮಾತ್ರ ಕನ್ನಡದಲ್ಲಿ.
ಕುರ್ಲಾದ ಮುನಸಿಪಾಲಿಟಿ ಶಾಲೆಯ ಮಗ್ಗಿ
ನಾಲಗೆಯ ಹಿಂಬದಿಗೆ ಅಂಟಿಕೊಂಡುಬಿಟ್ಟಿದೆ.

ಭಾಂಡುಪ್ ಪಶ್ಚಿಮ. ಐದು ಮನೆ ನನ್ನ ಪಾಲಿಗೆ.
ನಕಲಿ ಮುತ್ತು ಪೋಣಿಸುವ ಶೇವಂತಾಬಾಯಿ: ಎಂಟು ಸಾವಿರ,
ಅದೂ ಗಣಪತಿ ಹಬ್ಬದ ತಿಂಗಳನ್ನೂ ಸೇರಿಸಿ.
ಗೇಟು ಕಾಯುವ ರಾಮಸಮುಝ್: ಹನ್ನೆರಡು.
ಇಸ್ತ್ರಿಯ ಕನೌಜಿಯಾ: ಇದ್ದಿಲ ಖರ್ಚು ಕಳೆದು ಹದಿನೈದು.
ಬಸ್ ಕಂಡಕ್ಟರ್ ದತ್ತಾರಾಮ ಘಾಡಿ: ಇಪ್ಪತ್ತೈದು;
ಹೇಳುವಾಗ ಹೆಂಡತಿಯತ್ತ ನೋಡಿ ದನಿ ತಗ್ಗಿಸಿದ.
ಇಪ್ಪತ್ತೆರಡನೆಯ ಮಹಡಿಯ ಸಂಘರಾಜ್ಕಾ
ಬಾಗಿಲು ತೆಗೆಯಲಿಲ್ಲ. ಎರಡು ಸಲ ಹೋದೆ.
ಒಳಗೆ ನಾಯಿ ಬೊಗಳಿತು. ನಾಯಿಗೆ ಕಲಂ ಇಲ್ಲ.

"ಬೀಗ ಅಂತ ಬರಿ" ಎಂದರು ದೇವಸ್ಥಳಿ ಸರ್.
ಬರೆದೆ. ಉಳಿದ ನಾಲ್ವರನ್ನು ಸಾಲಾಗಿ ನಿಲ್ಲಿಸಿದೆ,
ಕಡಿಮೆಯವರು ಮುಂದೆ, ಹೆಚ್ಚಿನವರು ಹಿಂದೆ.
ಈ ಊರಿನಲ್ಲಿ ಬಡವರು ಮೊದಲು ನಿಲ್ಲುವ ಸಾಲು
ಇದೊಂದೇ ಇರಬೇಕು; ಅದೂ ಕಾಗದದ ಮೇಲೆ.
ಒಂದನೆಯವಳ ಗಳಿಕೆಯನ್ನು ಒಂದರಿಂದ ಗುಣಿಸು,
ಎರಡನೆಯವನದನ್ನು ಎರಡರಿಂದ, ಹೀಗೇ ಕೊನೆತನಕ.
(ಗುಣಾಕಾರದಲ್ಲೂ ಹಿಂದೆ ನಿಂತವನಿಗೇ ಹೆಚ್ಚು.)
ಕೂಡು, ಇಮ್ಮಡಿಸು, ಭಾಗಿಸು, ಕಳೆ.
ಸೊನ್ನೆ ಬಿಂದು ಎರಡು ಎರಡು ಐದು.
ಸರ್ ಮುಖ ಅರಳಿತು:
"ಪರವಾಗಿಲ್ಲವಲ್ಲ ನಮ್ಮ ಭಾಂಡುಪ್!"

ಮೂರನೆಯ ಸಲಕ್ಕೆ ಭತ್ಯೆ ಇಲ್ಲ. ಆದರೂ ಹೋದೆ, ಭಾನುವಾರ.
ಸರಪಳಿ ಬಿಟ್ಟಷ್ಟೇ ತೆರೆಯಿತು ಬಾಗಿಲು.
"ಒಂದು ಲಕ್ಷ ನಲವತ್ತು, ಬರೆದುಕೊಳ್ಳಿ."
ಅರ್ಧ ಬಾಗಿಲಿನ ಲೆಕ್ಕ;
ಹೊಸ್ತಿಲ ಆಚೆಯ ಚಪ್ಪಲಿಗಳು ಬೇರೆ ಅಂಕಿ ಹೇಳುತ್ತಿದ್ದವು.
ಇರಲಿ. ಸಾಲಿನ ತುದಿಗೆ ಅವರನ್ನೂ ತಂದು ನಿಲ್ಲಿಸಿದೆ.
ಸೊನ್ನೆ ಬಿಂದು ಐದು ಐದು ನಾಲ್ಕು.

ನಕ್ಷೆಯಲ್ಲಿ ನೆಟ್ಟಗಿರಬೇಕಿದ್ದ ಗೆರೆ
ಶೇವಂತಾಬಾಯಿಯ ಕಿಟಕಿಯ ಹೊರಗಿನ ಹಗ್ಗದಂತೆ
ಒದ್ದೆ ಕೌದಿ ಹೊತ್ತು ಜೋತುಬಿತ್ತು.
ಬಿಗಿದ ಹಗ್ಗಕ್ಕೂ ಜೋತ ಹಗ್ಗಕ್ಕೂ ನಡುವೆ ಉಳಿದ ಬಯಲು,
ನಾವು ಅಳೆಯುವುದು ಅದನ್ನೇ. ಗಿನಿ ಅನ್ನುತ್ತಾರೆ.

ಒಂದು ವಿಚಿತ್ರ: ಈ ಸೂತ್ರಕ್ಕೆ ಯಾರ ಹೆಸರೂ ಗೊತ್ತಿಲ್ಲ.
ಶೇವಂತಾಬಾಯಿಯನ್ನು ಇಪ್ಪತ್ತೆರಡಕ್ಕೆ ಹತ್ತಿಸಿ
ಅವರನ್ನು ಇಳಿಸಿ ಮುತ್ತು ಪೋಣಿಸಲು ಕೂರಿಸಿದರೂ
ಉತ್ತರ ಅದೇ. ಎರಡು ಸಲ ಮಾಡಿ ನೋಡಿದೆ,
ಎರಡನೆಯ ಸಲ ಬರೀ ಖುಷಿಗೆ.

"ಐದು ಬೆರಳೂ ಸಮ ಇರುತ್ತವೆಯೇ?" ಎಂದರು ಸರ್.
ಅವರೆಂದದ್ದು ಮರಾಠಿಯಲ್ಲಿ; ಹಿಂದಿಯಲ್ಲೂ ಇದೆ,
ನಮ್ಮವ್ವನೂ ಅನ್ನುತ್ತಿದ್ದಳು.
ಎಲ್ಲ ಭಾಷೆಗೂ ಸಮನಾಗಿ ಹಂಚಿದ್ದು
ಈ ಗಾದೆಯೊಂದನ್ನೇ ಏನೋ.

ರಾತ್ರಿ ಮಗನ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತೆಗೆದು
ಎಡಗೈ ಅಳೆದೆ.
ಕಿರುಬೆರಳು ಐದೂವರೆ, ಹೆಬ್ಬೆರಳು ಆರು, ತೋರುಬೆರಳು ಏಳು,
ಉಂಗುರದ್ದು ಏಳೂವರೆ, ನಡುಬೆರಳು ಎಂಟು.
ಅದೇ ಸೂತ್ರ, ಅದೇ ಮಗ್ಗಿ.
ಸೊನ್ನೆ ಬಿಂದು ಸೊನ್ನೆ ಏಳು ಆರು.

ನಿದ್ದೆ ಬರಲಿಲ್ಲ. ಇನ್ನೊಂದು ಲೆಕ್ಕ ಮಾಡಿದೆ:
ಇದೇ ಮೂವತ್ನಾಲ್ಕು ಸೆಂಟಿಮೀಟರನ್ನು
ಆ ಐದು ಮನೆಗಳ ಪ್ರಕಾರ ಹಂಚಿದರೆ
ಕಿರುಬೆರಳು ಒಂದು ಉಗುರಿನಷ್ಟು,
ನಡುಬೆರಳೊಂದೇ ಗೇಣು ಮೀರಿ.
ಅಂಥ ಕೈಯಲ್ಲಿ ಅನ್ನ ಕಲಸುವುದು ಹೇಗೆ,
ಸೂಜಿಗೆ ದಾರ ಪೋಣಿಸುವುದು ಹೇಗೆ,
ತುಂಬಿದ ಲೋಕಲ್ಲಿನಲ್ಲಿ ಸರಳು ಹಿಡಿಯುವುದು ಹೇಗೆ.

ಕರೆಗಂಟೆಯನ್ನೇನೋ ಒತ್ತಬಹುದು,
ದೂರದಲ್ಲೇ ನಿಂತು.